ಜೊಂಡು ಕಡಿದ ಮಳೆಗಾಲ

ಡೊಂಬಿವಲಿ ಎಂಐಡಿಸಿಯ ಕಾರ್ಖಾನೆಗಳ ಪಕ್ಕದಲ್ಲಿ ಇಷ್ಟು ವರ್ಷ ಬದುಕಿದವರ ಮೂಗು ಅರ್ಧ ಸತ್ತಿರುತ್ತದೆ. ಬೆಳಿಗ್ಗೆ ಕಿಟಕಿ ತೆರೆದರೆ ಒಂದು ದಿನ ಕೊಳೆತ ಮೊಟ್ಟೆ, ಒಂದು ದಿನ ನೇಲ್ ಪಾಲಿಶ್, ಒಂದು ದಿನ ಹೆಸರಿಲ್ಲದ ಏನೋ ಒಂದು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನಾವು ವಾಸನೆಯಿಂದಲೇ ಹೇಳಬಲ್ಲೆವು. ಅಂಥ ಮೂಗಿಗೂ ಒಂದು ವಾಸನೆ ಈಗಲೂ ತಪ್ಪದೆ ತಲುಪುತ್ತದೆ: ಆಗತಾನೇ ಕಡಿದ ಹಸಿ ಹುಲ್ಲಿನದು. ಮೊನ್ನೆ ನಮ್ಮ ಸೊಸೈಟಿಯ ಮಾಲಿ ಮಳೆಗಾಲ ಮುಗಿಯಿತೆಂದು ಲಾನ್ ಕತ್ತರಿಸುತ್ತಿದ್ದ. ನಾನು ಚಹಾದ ಕಪ್ಪು ಕೆಳಗಿಟ್ಟು ಎದ್ದು ಕಿಟಕಿ ಮುಚ್ಚಿದೆ. ಅದೇ ಹೊತ್ತಿಗೆ ಅಶ್ವಿನಿಯ ಫೋನ್ ಬಂತು.

ಅಶ್ವಿನಿ ನನ್ನ ಗೆಳತಿ ವಿಮಲೆಯ ಮಗಳು. ವಿಮಲೆ ಈಗ ಇಲ್ಲ. ಅಶ್ವಿನಿ ನನ್ನ ಜೊತೆ ಮಾತಾಡಿ ಎಂಟು ವರ್ಷವಾಗಿತ್ತು.

"ಆಂಟಿ, ಈ ಸಂಡೇ ಕೆರೆ ಹತ್ರ ರೀಡಿಂಗ್ ಉಂಟಲ್ವಾ?"

"ಉಂಟು. ನವರಾತ್ರಿ ಮುಗಿದ ಮೊದಲ ಭಾನುವಾರ. ಯಾವಾಗ್ಲೂ ಅದೇ."

"ಮಿಹಿಕಾ ಬರ್ತಾಳೆ. ಅವಳಿಗೆ ಎಂತದೂ ಗೊತ್ತಿಲ್ಲ. ಪ್ಲೀಸ್ ಆಂಟಿ, ಇಸ್ ಬಾರ್ ಪಪ್ಪಾ ಕಾ ಪೇಜ್ ಮತ್ ಪಢಿಯೇ. ಪಪ್ಪನ ಪುಟ ಓದ್ಬೇಡಿ. ಇದೊಂದೇ ಸಲ."

ಮಿಹಿಕಾ ಅವಳ ಮಗಳು, ಕಾಲೇಜಿಗೆ ಹೋಗುವ ಹುಡುಗಿ. ಜೂನ್‌ನಿಂದ ತಾನಾಗಿ ನಮ್ಮ ಜೊತೆ ಕೆರೆಗೆ ಬರುತ್ತಿದ್ದಾಳೆ. ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುತ್ತಾಳೆ. 'ಲೀಲಾ ಅಜ್ಜಿ' ಎಂಬುದೊಂದೇ ಅವಳ ಬಾಯಲ್ಲಿ ಅಚ್ಚ ಕನ್ನಡ.

"ನೋಡ್ತೇನೆ" ಎಂದು ಫೋನ್ ಇಟ್ಟೆ. ನೋಡುತ್ತೇನೆ ಎಂದರೆ ಬಿಡುತ್ತೇನೆ ಎಂದಲ್ಲ. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಹ್ಯಾಂಡ್‌ರೈಟಿಂಗ್ ಕಲಿಸಿದರು, ಕ್ರೋಶೆ ಕಲಿಸಿದರು, ಕ್ಷಮೆಯನ್ನೂ ಕಲಿಸಿದರು. ಮೊದಲಿನೆರಡು ನನಗೆ ಚೆನ್ನಾಗಿ ಬಂದವು.

ಉಂಬರ್ ತಲಾವ್ ನಮ್ಮ ರೆಸಿಡೆನ್ಶಿಯಲ್ ಝೋನಿನ ಬೆನ್ನಿಗಿದೆ. ಒಂದು ದಂಡೆಯಲ್ಲಿ ಟವರುಗಳು, ಎದುರು ದಂಡೆಯಲ್ಲಿ ಒಂದು ಹಳೆಯ ಅತ್ತಿಮರ, ಅದರಾಚೆ ಜೊಂಡು. ಅತ್ತಿಗೆ ಇಲ್ಲಿಯವರು ಉಂಬರ್ ಎನ್ನುತ್ತಾರೆ, ಕೆರೆಗೂ ಅದೇ ಹೆಸರು. ನಾವು ಬೆಳಗಿನ ವಾಕಿಂಗಿನ ಏಳೆಂಟು ಜನ. ಹೆಚ್ಚಿನವರು ಬ್ಯಾಂಕು, ಶಾಲೆ, ಕಂಪನಿಗಳಿಂದ ರಿಟೈರ್ ಆದವರು. ಒಂದು ದಿನ ಡಂಪರ್ ಒಂದು ಹಿಮ್ಮುಖವಾಗಿ ಬಂದು ಒಡೆದ ಇಟ್ಟಿಗೆ, ಸಿಮೆಂಟು ಸುರಿಯಲು ನಿಂತಿತು. ನಾವೆಲ್ಲ "ಅಯ್ಯಯ್ಯೋ" ಎನ್ನುತ್ತಾ ಇರುವಾಗ ವಿಮಲೆ ನೈಟಿಯ ಮೇಲೆ ದುಪಟ್ಟಾ ಸರಿಮಾಡಿಕೊಂಡು ಹೋಗಿ ಅದರ ಹಿಂದೆ ನಿಂತಳು. ಡ್ರೈವರ್ ಹಾರ್ನ್ ಹೊಡೆದ, ಬೈದ, ಕೈಮುಗಿದ, ಕೊನೆಗೆ ಹೋದ. ದಂಡೆ ಟ್ರಸ್ಟಿನ ಸ್ಥಾಪನೆ ಆಗಿದ್ದು ಅಲ್ಲಿ. ರಿಜಿಸ್ಟ್ರೇಶನ್, ರಬ್ಬರ್ ಸ್ಟ್ಯಾಂಪು, ಲೆಟರ್‌ಹೆಡ್ ಎಲ್ಲ ಆಮೇಲೆ ಬಂದದ್ದು. ಬೇಲಾಪುರದ ಒಂದು ಕಚೇರಿಗೆ ತಿರುಗಿ ತಿರುಗಿ, ಅತ್ತಿಮರದಿಂದ ತೂಬಿನವರೆಗಿನ ದಂಡೆಯ ಉಸ್ತುವಾರಿಯನ್ನು ಕರಾರಿನ ಮೇಲೆ ಪಡೆದೆವು. ಕರಾರಿನಲ್ಲಿ ಒಂದೇ ಮುಖ್ಯ ಮಾತು: ದಂಡೆಯನ್ನು ಸ್ವಾಭಾವಿಕ ಸ್ಥಿತಿಯಲ್ಲಿ ಇಡತಕ್ಕದ್ದು. ಐದು ವರ್ಷಕ್ಕೊಮ್ಮೆ ಇನ್‌ಸ್ಪೆಕ್ಷನ್, ಸರಿಯಿದ್ದರೆ ಮತ್ತೆ ಐದು ವರ್ಷ.

ನಮ್ಮ ಸೆಕ್ರೆಟರಿ ವಿಮಲೆಯ ಗಂಡ, ಸದಾನಂದ ಭಾವ. ವಿಮಲೆ ನನ್ನ ಕಾನ್ವೆಂಟಿನ ಬೆಂಚ್‌ಮೇಟ್, ನನಗೆ ಅಕ್ಕತಂಗಿಯರಿಲ್ಲ. ಹಾಗಾಗಿ ಅವಳ ಗಂಡ ನನಗೆ ಭಾವ. ಹಕ್ಕಿಯನ್ನು ಕಂಡರೆ ಹೆಸರು ಹೇಳಬಲ್ಲವರು ನಮ್ಮಲ್ಲಿ ಅವರೊಬ್ಬರೇ. ಅವರೇ ದಂಡೆ ಪುಸ್ತಕವನ್ನು ಶುರುಮಾಡಿದ್ದು. ಉದ್ದನೆಯ ರೂಲ್ ಹಾಕಿದ ಪುಸ್ತಕ. ಪ್ರತಿ ಭಾನುವಾರ ಡ್ಯೂಟಿಯಲ್ಲಿದ್ದವರು ತಾವು ಕಂಡದ್ದನ್ನು ತಮ್ಮ ಕೈಯಾರೆ ಬರೆದು ಸಹಿ ಹಾಕಬೇಕು. ವರ್ಷಕ್ಕೊಮ್ಮೆ, ನವರಾತ್ರಿ ಕಳೆದ ಮೇಲೆ, ಅತ್ತಿಮರದ ಕೆಳಗೆ ಚಾಪೆ ಹಾಸಿ ಓದು. ಅದಕ್ಕೂ ಭಾವ ಒಂದು ನಿಯಮ ಮಾಡಿದ್ದರು: ಪುಟ ಆರಿಸುವುದು ಬೇರೆಯವರು, ಓದುವುದು ಬರೆದವರು. ನಡುವೆ ನಿಲ್ಲಿಸುವಂತಿಲ್ಲ. ಬರೆದವರು ಬರದಿದ್ದರೆ ಎಲ್ಲರಿಗಿಂತ ಹಿರಿಯರು ಅವರದೊಂದು ಪುಟ ಆರಿಸಿ ಓದಬೇಕು.

"ಇಲ್ಲದಿದ್ರೆ ಎಲ್ಲರೂ ಚಂದ ಚಂದದ್ದೇ ಆರಿಸಿ ಓದ್ತಾರೆ. ಬರೆದದ್ದಕ್ಕೆ ಜವಾಬ್ದಾರಿ ಬೇಕು ಮಾರಾಯ್ರೆ!" ಎಂದು ನಗುತ್ತಿದ್ದರು.

ಎಂಟು ವರ್ಷದ ಹಿಂದೆ, ಇನ್‌ಸ್ಪೆಕ್ಷನ್ ಜುಲೈಯಲ್ಲಿ ಎಂದು ಕಾಗದ ಬಂತು. ಜೂನ್ ಕೊನೆ. ಮಳೆ ಹಿಡಿದಿತ್ತು. ಭಾವ ನನ್ನ ಮನೆಗೇ ಬಂದರು, ಕೊಡೆಯನ್ನು ಬಾಗಿಲ ಹೊರಗೆ ಬಿಚ್ಚಿಟ್ಟು ಕೂತರು.

"ಲೀಲಾ, ಆ ಕಾಡು ನೋಡಿದ್ರೆ ಇನ್‌ಸ್ಪೆಕ್ಷನ್‌ನವರು ಎಂತ ಹೇಳ್ಬಹುದು? ಇವ್ರು ಇಷ್ಟು ವರ್ಷ ಚಾ ಕುಡಿಯೂದು ಬಿಟ್ಟು ಬೇರೆಂತ ಮಾಡಿದ್ದಾರೆ ಅಂತ ಕೇಳುದಿಲ್ವಾ? ಒಮ್ಮೆ ಕ್ಲೀನ್ ಮಾಡಿಸುವ. ನಿಮ್ಮಷ್ಟು ಶಿಸ್ತಲ್ಲಿ ಯಾರಿಗೆ ಆಗ್ತದೆ?"

"ಜೊಂಡೂ ಕಡಿಯೂದಾ? ಗೂಡು ಇರುದಿಲ್ವಾ ಭಾವ?"

"ಈ ಸಲ ಮಳೆ ತಡ. ಕುಂಡಕೋಳಿ ಇನ್ನೂ ಕಟ್ಟಿಲ್ಲ. ನಾನೇ ನೋಡಿ ಬಂದೆ."

ಕುಂಡಕೋಳಿ ಎಂದರೆ ನಮ್ಮ ಊರ ಗದ್ದೆ ಬದಿಯಲ್ಲಿ ಓಡುವ ಅದೇ ಹಕ್ಕಿ, ಬಿಳಿ ಮುಖ, ಬಿಳಿ ಎದೆ, ಮೇಲೆತ್ತಿದ ಗಿಡ್ಡ ಬಾಲ. ಮಳೆ ಬಂದರೆ ದಿನವಿಡೀ ಜಗಳವಾಡುವಂತೆ ಕೂಗುತ್ತದೆ. ಉಂಬರ್ ತಲಾವಿನ ಜೊಂಡಿನಲ್ಲಿ ಅದರ ಸಂಸಾರ.

ನಾನು ನಂಬಿದೆ. ನಂಬಿದ್ದಷ್ಟೇ ಅಲ್ಲ, ಉಬ್ಬಿದೆ. ಶಾಲೆಯಲ್ಲಿ ಸಿಸ್ಟರ್ ಬೆನೆಡಿಕ್ಟಾ ಗಾರ್ಡನ್ ಪೀರಿಯಡ್‌ನಲ್ಲಿ ನಮ್ಮಿಂದ ಕಳೆ ಕೀಳಿಸುತ್ತಿದ್ದರು. ಸಾಲು ವಕ್ರವಾದರೆ ಸ್ಕೇಲಿನ ಅಂಚಿನಿಂದ ಬೆರಳ ಗಂಟಿಗೆ ಒಂದು ಏಟು. ಆ ಏಟು ತಿಂದ ಕೈಗೆ ನೇರವಾದ ಸಾಲು ಕಂಡರೆ ಈಗಲೂ ಖುಷಿ. ನಾನು ಗ್ರೂಪು ಮಾಡಿದೆ, ಎ, ಬಿ, ಸಿ, ಡಿ. ಗ್ಲೌಸ್ ತರಿಸಿದೆ. ಸೀಟಿ ಕೂಡ ತಂದೆ, ನನ್ನ ಟೀಚರ್ ಕಾಲದ್ದು. ಕುಡುಗೋಲು ಕೊಟ್ಟವಳು ಶಾಂತವ್ವ, ವಿಜಯಪುರದ ಕಡೆಯವಳು. ಎದುರಿನ ಟವರಿನ ಕಟ್ಟಡದಲ್ಲಿ ಕೆಲಸ, ಅಲ್ಲೇ ತಗಡಿನ ಕೋಣೆಯಲ್ಲಿ ವಾಸ. ನಾನು ಕುಡುಗೋಲು ಹಿಡಿದ ರೀತಿಗೆ ಅವಳು ಸೆರಗನ್ನು ಬಾಯಿಗೆ ಅಡ್ಡ ಇಟ್ಟು ನಕ್ಕಳು.

"ಬಾಯಾರ, ಅದು ಚಾಕ್ ಅಲ್ರಿ. ಹಿಂಗ ಹಿಡದ್ರ ಬೆರಳು ಹೋಗ್ತಾವ ನೋಡ್ರಿ."

ಆ ಭಾನುವಾರ ಮಳೆ ನಿಂತು ನಿಂತು ಬರುತ್ತಿತ್ತು. ನಾವು ದಂಡೆಯ ಅಂಚಿನಲ್ಲಿ ಬಗ್ಗಿ ಕಡಿದೆವು. ಸ್ಪೋರ್ಟ್ಸ್ ಶೂ ಒದ್ದೆಯಾಗುತ್ತದೆಂದು ಯಾರೂ ನೀರಿಗೆ ಇಳಿಯಲಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ನನ್ನ ಕುಡುಗೋಲಿನ ಮುಂದೆ ಒಂದು ಬಾಗಿದ ಜೊಂಡಿನ ಹಿಡಿ ಬಂತು, ಬುಟ್ಟಿಯಂತೆ ಹೆಣೆದದ್ದು. ಒಳಗೆ ಆರು ಮೊಟ್ಟೆ. ಕೆನೆಬಣ್ಣ, ಮೇಲೆ ಕಂದು ಚುಕ್ಕಿ.

"ಭಾವಾ!" ಎಂದು ಕರೆದೆ.

ಅವರು ಬಂದು ಬಗ್ಗಿ ನೋಡಿದರು. "ಹಳೇ ಗೂಡು. ಬಿಟ್ಟು ಹೋದದ್ದು. ಕಡೀರಿ."

ಅವರು ಆ ಕಡೆ ತಿರುಗಿದ ಮೇಲೆ ನಾನು ಗ್ಲೌಸ್ ತೆಗೆದು ಮೊಟ್ಟೆಯ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು. ಅಷ್ಟು ಚಳಿಯ ಮಳೆಯಲ್ಲಿ, ಬೆಚ್ಚಗೆ. ಹಿಂದೆ ಬಿ ಗ್ರೂಪಿನ ನಾಲ್ಕು ಜನ ನನ್ನ ಸೀಟಿಗೆ ಕಾಯುತ್ತಾ ನಿಂತಿದ್ದರು. ನಾನು ಗ್ಲೌಸ್ ಹಾಕಿಕೊಂಡೆ. ಕಡಿದೆ.

ಸಂಜೆ ಮನೆಯಲ್ಲಿ ಎರಡು ಸಲ ಸೋಪು ಹಚ್ಚಿ ತೊಳೆದರೂ ಕೈಯಿಂದ ಹಸಿ ಜೊಂಡಿನ ವಾಸನೆ ಹೋಗಲಿಲ್ಲ.

ಇನ್‌ಸ್ಪೆಕ್ಷನ್ ಹತ್ತು ನಿಮಿಷದಲ್ಲಿ ಮುಗಿಯಿತು. ಬಂದವರು "ಏಕ್‌ದಮ್ ಸಾಫ್!" ಎಂದು ಮೆಚ್ಚಿ, ಚಹಾ ಕುಡಿದು ಹೋದರು. ಆಗಸ್ಟ್ ಬಂದರೂ ರಿನ್ಯೂವಲ್ ಕಾಗದ ಬರಲಿಲ್ಲ. ಭಾವನನ್ನು ಕೇಳಿದರೆ "ಬರ್ತದೆ ಬರ್ತದೆ, ಸರ್ಕಾರಿ ಕೆಲಸ" ಎನ್ನುತ್ತಿದ್ದರು. ಒಂದು ಸೋಮವಾರ ಯಾರಿಗೂ ಹೇಳದೆ ನಾನೇ ಹೊರಟೆ. ಠಾಣೆಯಲ್ಲಿ ಇಳಿದು, ಇನ್ನೊಂದು ಲೋಕಲ್ ಹಿಡಿದು ಬೇಲಾಪುರ. ಕ್ಲಾರ್ಕ್ ಹುಡುಗಿ ಫೈಲು ತೆರೆದು ಮೇಜಿನ ಮೇಲೆ ನನ್ನ ಕಡೆಗೆ ತಿರುಗಿಸಿದಳು.

ನಮ್ಮದೇ ಲೆಟರ್‌ಹೆಡ್. ಭಾವನ ಅಕ್ಷರ, ಆ ಚಂದದ ಓರೆ ಅಕ್ಷರ, ಶಾಯಿ ಪೆನ್ನಿನದು. 'ಈ ದಂಡೆಯಲ್ಲಿ ಸ್ವಾಭಾವಿಕ ಸಸ್ಯಗಳು ಉಳಿದಿಲ್ಲ. ಇಲ್ಲಿ ಉದ್ಯಾನ ನಿರ್ಮಿಸಲು ಟ್ರಸ್ಟಿನ ಅಭ್ಯಂತರವಿಲ್ಲ' ಎಂದು ಇಂಗ್ಲಿಷಿನಲ್ಲಿ. ಹಿಂದೆ ಒಂದು ನಕ್ಷೆ: ಕಾಂಕ್ರೀಟ್ ವಾಕ್‌ವೇ, ಕಾರಂಜಿ, ಬಣ್ಣದ ಲೈಟು. ನಕ್ಷೆಯ ಮೂಲೆಯಲ್ಲಿ ಕೆಲಸ ಮಾಡುವವರ ಹೆಸರು. ಅದು ಅಶ್ವಿನಿಯ ಗಂಡನ ಫರ್ಮ್.

ನಾನು ಕಾಗದದ ತಾರೀಖು ನೋಡಿದೆ. ನಾವು ಕುಡುಗೋಲು ಹಿಡಿದ ಭಾನುವಾರಕ್ಕಿಂತ ಹತ್ತು ದಿನ ಮೊದಲಿನದು. ಮೊದಲು 'ಇಲ್ಲ' ಎಂದು ಬರೆದು, ಆಮೇಲೆ ನನ್ನ ಕೈಯಿಂದ ಇಲ್ಲವಾಗಿಸಿದ್ದರು.

ಒಳಗಿದ್ದ ಸಾಹೇಬರು ಕೆಟ್ಟವರಲ್ಲ. ನನ್ನ ಮಾತನ್ನು ಪೂರ್ತಿ ಕೇಳಿದರು. "ಮ್ಯಾಡಮ್, ಲೆಟರ್ ಆಪ್ ಕೇ ಸೆಕ್ರೆಟರಿ ಕಾ ಹೈ. ಘರ್ ಕಾ ಝಗಡಾ ಘರ್ ಮೇ ನಿಪಟಾಯಿಯೇ. ರಿಪೋರ್ಟ್ ಮೇ ಭೀ ಲಿಖಾ ಹೈ, ಉಧರ್ ಕುಛ್ ನಹೀ ಹೈ." ಮನೆಯ ಜಗಳ ಮನೆಯಲ್ಲೇ ಮುಗಿಸಿ, ಅಲ್ಲಿ ಏನೂ ಇಲ್ಲ ಎಂದು ರಿಪೋರ್ಟಿನಲ್ಲೂ ಇದೆ ಎಂದು.

ಲೆಟರಿನ ಝೆರಾಕ್ಸ್ ಮಾಡಿಸಿಕೊಂಡು ವಾಪಸು ಬಂದವಳು ಮನೆಗೆ ಹೋಗದೆ ಕೆರೆಗೆ ಹೋದೆ. ಶಾಂತವ್ವ ಕೆಲಸ ಮುಗಿಸಿ ಕೈಕಾಲು ತೊಳೆಯುತ್ತಿದ್ದಳು.

"ಯಾಕ್ರಿ ಬಾಯಾರ, ಮಾರಿ ಹಿಂಗ್ಯಾಕ ಬಾಡೇತಿ?"

ಹೇಳಿದೆ. ಎಲ್ಲ ಹೋಯಿತು, ಜೊಂಡು ಸತ್ತಿತು, ದಂಡೆ ಹೋಯಿತು ಎಂದೆ. ಅವಳು ನನ್ನನ್ನು ಪಾಪ ಎನ್ನುವಂತೆ ನೋಡಿದಳು.

"ಸತ್ತೈತಿ ಅಂತ ಯಾರ್ ಹೇಳ್ಯಾರ್ರಿ? ಬೂಟು ತೊಯ್ತಾವಂತ ನೀವ್ಯಾರೂ ನೀರಿಗೆ ಇಳೀಲಿಲ್ಲ. ಮ್ಯಾಲಿಂದ ಮ್ಯಾಲ ಕಡದೀರಿ. ನೀರೊಳಗ ಕೈ ಹಾಕಿ ಕಡದಿದ್ರ ಕೊಳ್ತು ಹೋಗ್ತಿತ್ತು. ಬರೀ ತಲಿ ಬೋಳಿಸೀರಿ, ಬೇರು ಹಂಗs ಐತಿ. ನೋಡ್ರಿಲ್ಲೆ." ಅವಳು ಸೀರೆ ಎತ್ತಿ ಕಟ್ಟಿ ನೀರಿಗೆ ಇಳಿದು ನಿಂತಳು. ಎಳೆಯ ಹಸಿರು ಅವಳ ಮೊಣಕಾಲಿಗೆ ಬಂದಿತ್ತು.

ಆ ಕ್ಷಣದಲ್ಲಿ ನನಗೆ ಆದದ್ದು ಸಂತೋಷವಲ್ಲ. ಅದಕ್ಕಿಂತ ತಣ್ಣಗಿನದು, ನೆಟ್ಟಗಿನದು. ಸಾಲು ಎಳೆದಂತೆ ಎಲ್ಲವೂ ಮುಂದೆ ಕಂಡಿತು.

ಆಗಸ್ಟ್ ಪೂರ್ತಿ, ಸೆಪ್ಟೆಂಬರ್ ಅರ್ಧ, ನಾನು ಬೇಲಾಪುರದ ಆ ಕಚೇರಿಯ ಪ್ಯಾಸೇಜಿನ ಬೆಂಚಿನಲ್ಲಿ ಕೂತೆ. ಕೂಗಲಿಲ್ಲ, ಅರ್ಜಿ ಗುಜರಾಯಿಸಲಿಲ್ಲ. ಬಿಳಿ ದಾರದಲ್ಲಿ ಒಂದು ಟೇಬಲ್‌ಕ್ಲಾತ್ ಕ್ರೋಶೆ ಮಾಡುತ್ತಾ ಕೂತೆ. ಸಾಹೇಬರು ಬರುವಾಗ "ಗುಡ್ ಮಾರ್ನಿಂಗ್", ಹೋಗುವಾಗ "ಗುಡ್ ಈವನಿಂಗ್". ಐದನೆಯ ವಾರಕ್ಕೆ ಅದು ನನ್ನ ಮಡಿಲಿಂದ ಇಳಿದು ನೆಲ ಮುಟ್ಟಿತ್ತು. ಇದು ಎಷ್ಟು ಉದ್ದ ಆಗುತ್ತದೆ ಎಂದು ಅವರು ನಿಂತು ಕೇಳಿದರು.

"ಮ್ಯಾಡಮ್, ಯೇ ಕಿತನಾ ಲಂಬಾ ಬನೇಗಾ?"

"ಆಪ್ ತಲಾವ್ ದೇಖನೇ ಆಯೇಂಗೇ, ಉತನಾ." ನೀವು ಕೆರೆ ನೋಡಲು ಬರುವವರೆಗೆ ಎಂದು.

ಅವರು ನಕ್ಕುಬಿಟ್ಟರು. "ಅಗಲೇ ಹಫ್ತೇ," ಎಂದರು, ಮುಂದಿನ ವಾರ.

ಸಂಜೆ ಕೆರೆಯಲ್ಲಿ ಶಾಂತವ್ವ ಅಳತೆಗೋಲಾಗಿ ನಿಲ್ಲುತ್ತಿದ್ದಳು. ಸೊಂಟ. ಎದೆ. ಕುತ್ತಿಗೆ. "ಇವತ್ತ ಕಿವಿಗೆ ಬಂತ್ರಿ ಬಾಯಾರ!" ಎಂದು ಒಂದು ದಿನ ಕಿರುಚಿದಳು. ಸಾಹೇಬರು ಬಂದ ದಿನ ಅವಳ ತಲೆಯೇ ಕಾಣುತ್ತಿರಲಿಲ್ಲ. ಅವರ ಒಂದು ಶೂ ಕೆಸರಿನಲ್ಲಿ ಸಿಕ್ಕಿಕೊಂಡಿತು; ಅದನ್ನು ಎಳೆಯಲು ಬಗ್ಗಿದಾಗಲೇ ಜೊಂಡಿನೊಳಗಿಂದ ಕುಂಡಕೋಳಿ ಕೂಗಿದ್ದು, ಅದರ ಹಿಂದೆ ಕಪ್ಪು ಹತ್ತಿಯ ಉಂಡೆಯಂಥ ಮೂರು ಮರಿಗಳು ಓಡಿದ್ದು. ಬೇರೆ ಜೋಡಿ, ಬೇರೆ ಗೂಡು. ನನ್ನ ಆರು ಅಲ್ಲ. ಸಾಹೇಬರು ಒಂದು ಕಾಲಿನಲ್ಲಿ ಶೂ, ಒಂದು ಕಾಲಿನಲ್ಲಿ ಸಾಕ್ಸು ಹಾಕಿಕೊಂಡು ನಿಂತು ನೋಡಿದರು. ಎರಡು ವಾರದಲ್ಲಿ ಕಾಗದ ಬಂತು. ನನ್ನ ಹೆಸರಿಗೇ ಕಳಿಸಿದ್ದರು. ಮತ್ತೆ ಐದು ವರ್ಷ.

ಇಲ್ಲಿಗೆ ನಿಲ್ಲಿಸಬಹುದಿತ್ತು. ದಂಡೆ ಉಳಿಯಿತು, ಉದ್ಯಾನದ ನಕ್ಷೆ ಬಿತ್ತು, ಭಾವ ಬಾಯಿ ಮುಚ್ಚಿಕೊಂಡಿದ್ದರು. ಒಳ್ಳೆಯ ಹೆಂಗಸಾಗಿದ್ದರೆ ನಿಲ್ಲಿಸುತ್ತಿದ್ದೆ. ಆದರೆ ಆ ಎರಡು ತಿಂಗಳೂ ನಾನು ಅವರಿಗೆ ಭಾನುವಾರದ ಚಹಾ ಕೊಟ್ಟಿದ್ದೆ, ಸಕ್ಕರೆ ಸಾಕಾ ಎಂದು ಕೇಳಿದ್ದೆ, ವಿಮಲೆಯ ಜೊತೆ ನವರಾತ್ರಿಗೆ ಸೀರೆ ಕೊಳ್ಳಲು ಠಾಣೆಗೆ ಹೋಗಿದ್ದೆ. ತುಟಿ ಮುಚ್ಚಿ ನಗುವುದನ್ನೂ ಕಾನ್ವೆಂಟಿನಲ್ಲೇ ಕಲಿತದ್ದು. ಇಷ್ಟು ದಿನ ಸಕ್ಕರೆ ಕಲಸಿದವಳು ಕೊನೆಯ ಗುಟುಕು ಕುಡಿಸದೆ ಬಿಡುವುದುಂಟೆ?

ಓದಿನ ಭಾನುವಾರ ಭಾವನ ಸರದಿ ಬಂದಾಗ "ಪುಟ ನಾನು ಆರಿಸ್ತೇನೆ" ಎಂದೆ. ಹಿಂದಿನ ವರ್ಷದ ಜುಲೈಯ ಪುಟ ತೆರೆದು ಕೊಟ್ಟೆ. ಅವರು ಕನ್ನಡಕ ಏರಿಸಿ ಓದತೊಡಗಿದರು.

"'ಕುಂಡಕೋಳಿ, ನಾಲ್ಕು ಗೂಡು. ಗಂಡು ಹೆಣ್ಣು ಎರಡೂ ಸರದಿಯಲ್ಲಿ ಕಾವು ಕೂತಿವೆ. ಹಕ್ಕಿ ಎದ್ದು ಹೋದಾಗ ಮುಟ್ಟಿ ನೋಡಿದೆ, ಮೊಟ್ಟೆ ಬೆಚ್ಚಗಿ...'"

ನಿಲ್ಲಿಸಿದರು.

"ಓದಿ ಭಾವ" ಎಂದೆ. "ನಿಯಮ ನಿಮ್ಮದೇ."

"'...ಮೊಟ್ಟೆ ಬೆಚ್ಚಗಿವೆ. ನವರಾತ್ರಿಯವರೆಗೆ ಯಾರೂ ಜೊಂಡು ಮುಟ್ಟಬಾರದು. ಜೊಂಡು ಹೋದರೆ ನಾವು ಇಲ್ಲಿ ಇರುವುದಕ್ಕೆ ಕಾರಣವೇ ಇಲ್ಲ.'" ಕೊನೆಯ ಸಾಲಿಗೆ ಅವರ ದನಿ ಉಸಿರಷ್ಟೇ ಆಗಿತ್ತು.

ಯಾರೋ "ವಾಹ್, ಎಷ್ಟು ಚೆಂದ ಬರ್ದಿದ್ದೀರಿ ರಾಯರೇ" ಎಂದರು. ನಾನು ಬ್ಯಾಗಿನಿಂದ ಝೆರಾಕ್ಸ್ ತೆಗೆದು ಅವರ ಮುಂದಿಟ್ಟೆ.

"ಇದನ್ನೂ ಓದಿ. ಇದೂ ನೀವೇ ಬರೆದದ್ದು. ತಾರೀಖಿನ ಸಮೇತ."

ಅವರು ನನ್ನನ್ನು ನೋಡಿದರು. ನಾನು ಕಣ್ಣು ತೆಗೆಯಲಿಲ್ಲ. ಅವರು ಓದಿದರು. ಓದದೆ ಬಿಡುವ ಮನುಷ್ಯ ಅವರಲ್ಲ. ಅದು ನನಗೆ ಗೊತ್ತಿತ್ತು, ಅದನ್ನೇ ನಾನು ನಂಬಿಕೊಂಡಿದ್ದೆ. ಮುಗಿಸಿದಾಗ ಅತ್ತಿಮರದಿಂದ ಹಣ್ಣೊಂದು ಚಾಪೆಯ ಮೇಲೆ ಬಿದ್ದ ಸದ್ದೂ ಕೇಳಿಸಿತು. ಆ ಸುಖವನ್ನು ನಾನು ಈಗ ಅಲ್ಲಗಳೆಯುವುದಿಲ್ಲ. ಮೊದಲ ಬಾರಿ ಬಹುಮಾನ ಬಂದ ದಿನದಷ್ಟು ಸುಖವಾಗಿತ್ತು.

ಆಗ ವಿಮಲೆ ಎದ್ದಳು. ತನ್ನ ಚಾಪೆಯನ್ನು ಸುರುಳಿ ಸುತ್ತಿದಳು. ಗಂಡನ ಕಡೆ ನೋಡಲಿಲ್ಲ, ನನ್ನ ಮುಂದೆ ನಿಂತಳು.

"ಸೀರೆ ತಗೊಳ್ಳುವಾಗ ಗೊತ್ತಿತ್ತಾ ನಿಂಗೆ, ಲಿಲ್ಲಿ?"

"ಗೊತ್ತಿತ್ತು."

"ಅವರು ಮಾಡಿದ್ದಕ್ಕೆ ನಾನು ಮನೆಗೆ ಹೋಗಿ ಕೇಳ್ತೇನೆ. ಆದ್ರೆ ನೀನು ನನ್ನನ್ನು ಇಲ್ಲಿ ಎಲ್ಲರೆದುರು ಕೂರಿಸಿ ಇದನ್ನು ಕೇಳಿಸಿದೆಯಲ್ಲ ಮಾರಾಯ್ತಿ."

ಅಷ್ಟೇ. ಡಂಪರ್‌ಗೆ ಅಡ್ಡ ನಿಂತವಳು ಅವತ್ತು ಯಾರಿಗೂ ಅಡ್ಡ ನಿಲ್ಲದೆ ಹೋದಳು. ಮತ್ತೆ ಕೆರೆಗೆ ಬರಲಿಲ್ಲ. ಎರಡು ವರ್ಷದ ನಂತರ ಅವಳು ಹೋದ ಸುದ್ದಿ ನನಗೆ ತಲುಪಿದ್ದು ಹಾಲಿನವನಿಂದ, ಎಲ್ಲ ಮುಗಿದ ಮೇಲೆ. ಆ ಸಾಲವೂ ನನ್ನ ಮನಸ್ಸಿನಲ್ಲಿ ಭಾವನ ಹೆಸರಿಗೇ ಇದೆ. ಅವರು ಜೊಂಡು ಕಡಿಸದೆ ಇದ್ದಿದ್ದರೆ ವಿಮ್ಮಿ ನನ್ನ ಪಕ್ಕದಲ್ಲೇ ಇರುತ್ತಿದ್ದಳು.

ಭಾವ ಅಂದಿನಿಂದ ಬಂದಿಲ್ಲ. ಆದರೆ ನಿಯಮ ಇದೆಯಲ್ಲ, ಬರದವರ ಪುಟವನ್ನು ಎಲ್ಲರಿಗಿಂತ ಹಿರಿಯರು ಓದಬೇಕು. ಆ ಹಿರಿಯಳು ನಾನು. ಪ್ರತಿ ವರ್ಷ ಆರಿಸುತ್ತೇನೆ, ಪ್ರತಿ ವರ್ಷ ಅದೇ ಪುಟ. 'ಬೆಚ್ಚಗಿವೆ' ಎಂಬಲ್ಲಿ ಒಂದು ಗಳಿಗೆ ನಿಲ್ಲುತ್ತೇನೆ. ಆಮೇಲೆ ಝೆರಾಕ್ಸ್. ಹೊಸಬರು ಇದನ್ನು ಟ್ರಸ್ಟಿನ ಇತಿಹಾಸ ಎಂದುಕೊಂಡಿದ್ದಾರೆ. ಯಾರೋ ಹೋಗಿ ಭಾವನಿಗೆ ಹೇಳುತ್ತಾರೆ ಎಂದೂ ನನಗೆ ಗೊತ್ತು. ಹೇಳಲಿ ಎಂದೇ ಓದುವುದು.

ಈಗ ಅಶ್ವಿನಿ ಹೇಳುತ್ತಾಳೆ, ಇದೊಂದೇ ಸಲ ಬಿಡಿ ಎಂದು. ಮಿಹಿಕಾ ಅವಳಜ್ಜನನ್ನು ತುಂಬಾ ಹಚ್ಚಿಕೊಂಡಿದ್ದಾಳಂತೆ. ಹಕ್ಕಿಯ ಹುಚ್ಚು ಅವಳಿಗೆ ಬಂದದ್ದು ಅವರಿಂದಲೇ. ಹೋದ ವಾರ ಜೊಂಡಿನ ಅಂಚಿನಲ್ಲಿ ಕೂತು ಅವಳು ಕೇಳಿದಳು: "ಲೀಲಾ ಅಜ್ಜಿ, ಆಪ್ ನೇ ಕಭೀ ಅಂಡೇ ಛೂಕೇ ದೇಖೇ ಹೈಂ?" ಮೊಟ್ಟೆ ಮುಟ್ಟಿ ನೋಡಿದ್ದೀರಾ ಎಂದು. ನಾನು ಬೈನಾಕ್ಯುಲರ್ ಒರೆಸುತ್ತಾ ಕೂತೆ.

ಉತ್ತರ ಪುಸ್ತಕದಲ್ಲಿದೆ. ಜೊಂಡು ಕಡಿದ ಭಾನುವಾರದ ಡ್ಯೂಟಿ ನನ್ನದು. ಆ ಪುಟ ನಾನು ಬರೆದದ್ದು. ಪುಸ್ತಕ ಇರುವುದೂ ನನ್ನ ಕಪಾಟಿನಲ್ಲೇ. ಅದಕ್ಕೇ ಇಷ್ಟು ವರ್ಷ ಯಾರೂ ಆ ಪುಟವನ್ನು ಆರಿಸಿಲ್ಲ. ಅದನ್ನು ಮುಂದಿನ ಹಾಳೆಗೆ ಗೋಂದು ಹಚ್ಚಿ ಅಂಟಿಸಿದ್ದೇನೆ, ಅಂಚಿಗೆ ಅಂಚು ಸರಿಯಾಗಿ, ಸಿಸ್ಟರ್ ಬೆನೆಡಿಕ್ಟಾ ಮೆಚ್ಚುವ ಹಾಗೆ.

ನಿನ್ನೆ ಬೆಳಿಗ್ಗೆ ಇಡ್ಲಿಗೆ ಇಟ್ಟ ನೀರು ಕುದಿಯುವಾಗ ಆ ಜೋಡಿ ಹಾಳೆಯನ್ನು ಹಬೆಗೆ ಹಿಡಿದೆ. ಕೈ ಸುಟ್ಟಿತು, ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಅಂಚು ಎದ್ದಿತು. ಬೆಣ್ಣೆಚಾಕು ತೂರಿಸಿ ಬಿಡಿಸಿದೆ. ಕಾಗದ ಸುಕ್ಕಾಗಿದೆ, ಶಾಯಿ ಅಲ್ಲಲ್ಲಿ ಹರಡಿದೆ, ಓದಲು ಅಡ್ಡಿಯಿಲ್ಲ: 'ದಂಡೆ ಈಗ ಶಾಲೆಯ ಹೂದೋಟದ ಹಾಗೆ ಕಾಣುತ್ತದೆ. ಎಲ್ಲ ಗ್ರೂಪುಗಳಿಗೂ ಅಭಿನಂದನೆ. ಒಂದು ಹಳೆಯ ಗೂಡು ಸಿಕ್ಕಿತು. ಖಾಲಿ.' ಕೆಳಗೆ ನನ್ನ ಸಹಿ, ಎಷ್ಟು ದುಂಡಗೆ.

ಅಶ್ವಿನಿಗೆ ಇವತ್ತು ಫೋನ್ ಮಾಡಿದೆ. "ಪಪ್ಪನನ್ನೂ ಕರ್ಕೊಂಡು ಬಾ" ಎಂದೆ. "ಕುರ್ಚಿ ಹಾಕಿಸ್ತೇನೆ. ಅವರ ಪುಟ ಈ ಸಲ ಅವರೇ ಓದಲಿ. ಆಮೇಲೆ ನನ್ನ ಪುಟ ಮಿಹಿಕಾ ಆರಿಸ್ತಾಳೆ. ಯಾವುದು ಅಂತ ನಾನೇ ಅವಳಿಗೆ ತೋರಿಸ್ತೇನೆ."

ಅವಳು ಕೇಳಿದಳು: "ಆಪ್ ಕಾ ಪೆಹ್ಲೇ ನಹೀ ಹೋ ಸಕ್ತಾ, ಆಂಟಿ? ನಿಮ್ಮದು ಮೊದಲು?"

"ಇಲ್ಲ" ಎಂದೆ. "ಮೊದಲು ಅವರದು."